ಬಳೆಯ ಬಳಿ ಒಂದು ರೇಡಿಯೋ

ನಮ್ಮ ಮನೆಯ ರೇಡಿಯೋಗೆ ಒಂದು ಅಂಗಿಯಿತ್ತು. ನನ್ನ ಹೆಂಡತಿ ಶರಣಮ್ಮ ಕುಪ್ಪಸ ಹೊಲಿದು ಉಳಿದ ಹಸಿರು ಬಟ್ಟೆಯಲ್ಲಿ ಹೊಲಿದದ್ದು. ಕಿವಿ ಹಿಂಡಲು ಎರಡು ತೂತು, ಎದೆಗೆ ಸಾಲಾಗಿ ಗುಂಡಿಗಳು. ವಾರ್ತೆಯ ಹೊತ್ತಿಗೆ ನಾನು ಗುಂಡಿ ಬಿಚ್ಚುತ್ತಿದ್ದೆ, ವಾರ್ತೆ ಮುಗಿದೊಡನೆ ಹಾಕುತ್ತಿದ್ದೆ. ಹೊತ್ತುಗೊತ್ತಿಲ್ಲದೆ ಬರಿಮೈಯಲ್ಲಿ ಒದರುವ ರೇಡಿಯೋ ನನಗೆ ಸಹ್ಯವಿರಲಿಲ್ಲ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಶಾಲಾ ಮೈದಾನಗಳಲ್ಲಿ ಸೀಟಿ ಊದಿ ಊದಿ ನಿವೃತ್ತನಾಗಿ, ತೊಂಬತ್ತರ ದಶಕದಲ್ಲಿ ಕೊಟ್ಟೂರಿಗೆ ಬಂದು ನೆಲೆಸಿದ ಡ್ರಿಲ್ ಮಾಸ್ತರ ನಾನು. ನಮ್ಮ ಮನೆಯಲ್ಲಿ ರೊಟ್ಟಿಗಳೂ ಸಾವಧಾನದಲ್ಲಿ ನಿಲ್ಲಬೇಕೆಂದು ನಾನು ಹಟ ಹಿಡಿಯುತ್ತಿದ್ದೆನೆಂದು ಶರಣಮ್ಮ ಓಣಿಯೆಲ್ಲ ಸಾರಿದ್ದಾಳೆ. ಅದು ಅಪಪ್ರಚಾರ. ಗಾತ್ರದ ಪ್ರಕಾರ ಪೇರಿಸಿದರೆ ಸಾಕು ಎಂದಿದ್ದೆ, ಅಷ್ಟೇ.

ಇಂಥ ವ್ಯವಸ್ಥೆಗೆ ಕನ್ನ ಹಾಕಿದ್ದು ಭಾನುವಾರ ಬೆಳಗಿನ ಒಂದು ಒಗಟಿನ ಕಾರ್ಯಕ್ರಮ. ನಿರೂಪಕನದು ಇಸ್ತ್ರಿ ಹಾಕಿದಂಥ ಕನ್ನಡ. ಅವನೊಂದು ಸುಳಿವು ಕೊಡುತ್ತಿದ್ದ, ಕೇಳುಗರು ಕಾರ್ಡಿನಲ್ಲಿ ಉತ್ತರ ಬರೆದು ಹಾಕಬೇಕು, ಮರುವಾರ ಗೆದ್ದವರ ಹೆಸರು. ಹೆಸರೇ ಬಹುಮಾನ. "ಹೂವಿದೆ, ಹಡಗಿದೆ, ಕಡಲಿಲ್ಲ, ಯಾವ ಊರು?" ಎಂದು ಒಮ್ಮೆ ಕೇಳಿದ. ಹೂವಿನಹಡಗಲಿಯ ಬಿಸಿಲಲ್ಲಿ ನಿಂತು ಹುಡುಗರನ್ನು ಓಡಿಸಿದವನಿಗೆ ಇದೊಂದು ಪ್ರಶ್ನೆಯೇ? ಇನ್ನೊಮ್ಮೆ "ಜರಡಿ, ಕೊಳಲು, ದೋಸೆ; ಇವುಗಳ ಸಂಬಂಧವೇನು?" ಎಂದ. ಮೂರಕ್ಕೂ ತೂತು. ಪಕ್ಕದ ಕಿರಾಣಿ ಅಂಗಡಿಯ ಕೊಟ್ರೇಶಿ ಭಾನುವಾರ ನಮ್ಮ ಪಡಸಾಲೆಗೆ ಚಹಾಕ್ಕೂ ಒಗಟಿಗೂ ಒಟ್ಟಿಗೇ ಬರುವವನು. "ನಮ್ಮೂರ ರೋಡ್ ಯಾಕ ಬಿಟ್ರಂತ್ರಿ ಮಾಸ್ತರ್ರ?" ಎಂದು ನೊಂದುಕೊಂಡ.

ಗೆಳೆಯರೇ, ನನ್ನ ಜೀವನವೆಲ್ಲ ಆಜ್ಞೆಯ ಭಾಷೆಯಲ್ಲಿ ಕಳೆದದ್ದು. ಎಡಕ್ಕೆ ತಿರುಗು ಎಂದರೆ ಎಡಕ್ಕೇ ತಿರುಗಬೇಕು. ಬಲಕ್ಕೆ ತಿರುಗಿದವನು ಮೈದಾನಕ್ಕೆ ಒಂದು ಸುತ್ತು ಹಾಕಬೇಕು. ಒಗಟೋ, ಎಡಕ್ಕೆ ಎಂದು ಕೂಗಿ ತಾನು ಬಲಕ್ಕೆ ಜಾರಿಕೊಂಡು, ಸಾಲಿನ ಕೊನೆಯಲ್ಲಿ ನಿಂತು ನಗುವ ಪೋಕರಿ. ಅದನ್ನು ಹಿಡಿಯುವುದರಲ್ಲಿ ನನಗೆ ಹಳೆಯ ಸುಖವೊಂದು ಮರಳಿ ಸಿಕ್ಕಿತ್ತು.

ಅಷ್ಟರಲ್ಲಿ ಶರಣಮ್ಮನ ಅರ್ಜಿ ಬಂತು. "ರೇಡಿಯೋ ಪಡಸಾಲ್ಯಾಗ, ನಾನು ಅಡಿಗಿಮನ್ಯಾಗ. ನನಗ ಅದರಾಗಿಂದು ಏನೂ ಕೇಳಸಂಗಿಲ್ಲ, ಬರೇ ನಿಮ್ಮ ಕೆಮ್ಮು ಕೇಳಸತೈತಿ. ಮುಂದಿನ ಒಗಟ ನಾ ಬಿಡಿಸಿದ್ರ ಅದು ಒಳಗ ಬರಬೇಕು. ಅಂಗಿ ಹಾಕೂದು ಬಿಚ್ಚೂದು ನಂದು."

"ಸೋತ್ರ?"

"ಸೋತ್ರ ನಿಮ್ಮ ರೊಟ್ಟಿ ಪರೇಡಿಗೆ ಮತ್ತ ತಕರಾರ ಮಾಡಂಗಿಲ್ಲ."

ಕೊಟ್ರೇಶಿ ಸಾಕ್ಷಿ. ಒಪ್ಪಿದೆ. ಗೆಲುವು ತಮ್ಮದೇ ಎಂದು ಖಾತ್ರಿಯಿದ್ದಾಗ ಎಲ್ಲರೂ ಉದಾರಿಗಳೇ.

ಭಾನುವಾರ ಸುಳಿವು ಬಂತು: "ಕೈಯಲ್ಲಿದ್ದು ಸದ್ದು ಮಾಡುತ್ತೇನೆ, ಬಾಲ ಬದಲಿಸಿದರೆ ಹತ್ತಿರವಾಗುತ್ತೇನೆ. ನಾನು ಯಾರು?"

"ಬಳಿ!" ಎಂದಳು ಶರಣಮ್ಮ, ಬಾಗಿಲಲ್ಲಿ ನಿಂತು, ಹಿಟ್ಟಿನ ಕೈಯ ಬಳೆ ಅಲ್ಲಾಡಿಸುತ್ತ.

ನಾನು ನಕ್ಕೆ. "ಬಾಲ ಬದಲಾಗಬೇಕು. ಬಳಿ ಬಾಲ ಬದಲಿಸಿದ್ರ ಏನಾಗತೈತಿ? ಬಳ, ಬಳಾ, ಬಳು. ಯಾವುದು ಹತ್ರಾತು?"

"ಬದಲಿಸೂದೇನೈತ್ರಿ? ಪುಸ್ತಕದಾಗ ಹತ್ರಕ್ಕ ಬಳಿ ಅಂತಾರ. ಇದೂ ಬಳಿ, ಅದೂ ಬಳಿ."

ಬಾಲ ಬದಲಾಗದ ಉತ್ತರ ಸುಳಿವಿನ ಆಜ್ಞೆಯನ್ನು ಪಾಲಿಸಿದಂತಲ್ಲವೆಂದು ನಾನು ತೀರ್ಪಿತ್ತು, ಕಾರ್ಡಿನಲ್ಲಿ 'ಗಡಿಯಾರ' ಎಂದು ಬರೆದೆ. ಕೊಟ್ರೇಶಿ ಕಣ್ಣು ಕಿರಿದು ಮಾಡಿದ. "ಕೈಯಾಗ ಟಿಕ್ ಟಿಕ್ ಅಂತೈತಿ, ಖರೆ. ಬಾಲ ಎಲ್ಲೈತ್ರಿ?"

"ಮುಳ್ಳ ಅದರ ಬಾಲ ಲೇ. ಮುಳ್ಳ ಸರಿಸಿದ್ರ ಊಟದ ಹೊತ್ತು ಹತ್ರ ಬರತೈತಿ."

"ನಿಮಗ ಹಸಿವ್ಯಾಗೈತಿ, ಬಿಡ್ರಿ," ಎಂದ ಆ ದ್ರೋಹಿ. ಶರಣಮ್ಮ ತನ್ನ ಕಾರ್ಡನ್ನು ತಾನೇ ಬರೆದು ಅವನ ಕೈಗೆ ಕೊಟ್ಟಳು, ನನ್ನ ಕೈಗಲ್ಲ.

ಮರುವಾರ ಗುಂಡಿ ಬಿಚ್ಚಿ ಮೂವರೂ ಕೂತೆವು. ಇಸ್ತ್ರಿ ಕನ್ನಡ ಹೇಳಿತು: "ಸರಿಯುತ್ತರ ಬಳೆ. ಕೊನೆಯ ಎಕಾರವನ್ನು ಇಕಾರ ಮಾಡಿ, ಬಳಿ."

ಬಳೆ! ಈ ಪದವನ್ನು ನಾನು ನೂರಾರು ಸಲ ಓದಿದ್ದೆ, ಬರೆದಿದ್ದೆ. ಒಮ್ಮೆಯೂ ಬಾಯಲ್ಲಿ ಆಡಿರಲಿಲ್ಲ. ನಮ್ಮ ಕಡೆ ಮನೆ ಮನಿ, ಸಂತೆ ಸಂತಿ, ಬಳೆ ಬಳಿ. ಬಾಲ ಬದಲಿಸಿಕೊಂಡೇ ಹುಟ್ಟಿದ ಪದಕ್ಕೆ ನಾನು ಇನ್ನೊಂದು ಬಾಲ ಹುಡುಕುತ್ತಿದ್ದೆ. ಆದರೂ ಸೋಲೊಪ್ಪುವ ಜಾತಿಯವನಲ್ಲ. "ನೀ ಬರದದ್ದು ಬಳಿ. ಅಂವ ಕೇಳಿದ್ದು ಬಳೆ. ತಪ್ಪು," ಎಂದೆ.

ಅದೇ ಹೊತ್ತಿಗೆ ರೇಡಿಯೋ ಗಂಟಲು ಸರಿಮಾಡಿಕೊಂಡಿತು. "ಕೊಟ್ಟೂರಿನಿಂದ ಶರಣಮ್ಮನವರ ಕಾರ್ಡು. 'ಕೈಯಾಗಿಂದೂ ಬಳಿ, ಹತ್ರಾನೂ ಬಳಿ, ಬದಲಿಸೂದೇನೈತ್ರಿ' ಎಂದಿದ್ದಾರೆ." ಆಮೇಲೆ ಕಾರ್ಡು ತಿರುವಿದ ಸದ್ದು. ನನ್ನ ರೊಟ್ಟಿಗಳ ಸಾಲು, ನನ್ನ ಪಡಸಾಲೆ, ನನ್ನ ಗುಂಡಿಗಳು, ಎಲ್ಲವೂ ಆ ಸದ್ದಿಗೆ ಸಾವಧಾನದಲ್ಲಿ ನಿಂತವು. ಬಳಿಕ ಅವನು ನಕ್ಕ. ಇಸ್ತ್ರಿ ಮುದುಡುವಂತೆ, ಮನಸಾರೆ. "ಅಮ್ಮಾ, ನಿಮ್ಮ ಉತ್ತರ ಸರಿ. ಕೊಟ್ಟೂರಿನಲ್ಲಿ ನಮ್ಮ ಪ್ರಶ್ನೆಯೇ ತಪ್ಪು."

"ಎತ್ರಿ ಮಾಸ್ತರ್ರ," ಎಂದ ಕೊಟ್ರೇಶಿ. "ಎಡಕ್ಕ ತಿರುಗ್ರಿ, ಅಡಿಗಿಮನಿ ಕಡೆ ಮುಂದಕ್ಕ ನಡೀರಿ."

ಹೊತ್ತುಕೊಂಡು ನಡೆಯುವಾಗ ನನಗೆ ಹೊಳೆದದ್ದು ಇಷ್ಟು: ಕನ್ನಡಕ್ಕೂ ನಾವು ಒಂದು ಅಂಗಿ ಹೊಲಿದಿದ್ದೇವೆ. ಹೊರಗೆ ಬರುವಾಗ ಗುಂಡಿ ಹಾಕಿಕೊಳ್ಳುತ್ತದೆ, ಅದು ಮರ್ಯಾದೆ. ಒಲೆಯ ಮುಂದೆ ಕೂತಾಗ ಬಿಚ್ಚಿಕೊಳ್ಳುತ್ತದೆ, ಅದು ನೆಮ್ಮದಿ. ಎರಡನ್ನೂ ಬಲ್ಲೆನೆಂದುಕೊಂಡಿದ್ದ ನಾನು ಒಂದನ್ನು ಕಣ್ಣಿಗೆ, ಇನ್ನೊಂದನ್ನು ಬಾಯಿಗೆ ಹಂಚಿಕೊಟ್ಟು, ಎರಡೂ ಒಮ್ಮೆಯೂ ಭೇಟಿಯಾಗದಂತೆ ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸಿದ್ದೆ.

ಈಗ ರೇಡಿಯೋ ಬೇಳೆ ಡಬ್ಬಿಯ ಪಕ್ಕ ದಿನವಿಡೀ ಬರಿಮೈಯಲ್ಲಿ ಹಾಡುತ್ತದೆ. ಮೈಗೆ ಒಗ್ಗರಣೆಯ ವಾಸನೆ. ಮೊದಲ ಭಾನುವಾರ ನಾನು ಪಡಸಾಲೆಯಲ್ಲೇ ಕೂತು ಕಿವಿಗೊಟ್ಟೆ. ರೊಟ್ಟಿ ಬಡಿಯುವ ಕೈಯ ಬಳೆಗಳ ಸದ್ದಿನಲ್ಲಿ ಸುಳಿವೇ ಮುಳುಗಿಹೋಯಿತು.

"ಸ್ವಲ್ಪ ಕೈ ನಿಲ್ಸು, ಕೇಳಸವಲ್ದು," ಎಂದು ಕೂಗಿದೆ.

"ಕೇಳಸದಿದ್ರ ಬಳಿ ಬರ್ರಿ," ಎಂದಿತು ಒಳಗಿನ ದನಿ, 'ಬಳಿ'ಯೊಂದನ್ನು ಮಾತ್ರ ಪುಸ್ತಕದ ಕನ್ನಡದಿಂದ ಎತ್ತಿಕೊಂಡು.

ಮಣೆ ಎಳೆದುಕೊಂಡು ಹೋಗಿ ಕೂತೆ. ಅವಳು ಬಿಸಿ ಚಹಾದ ಲೋಟವನ್ನು ಹಸಿರು ಬಟ್ಟೆಯಲ್ಲಿ ಹಿಡಿದು ನನ್ನ ಮುಂದಿಟ್ಟಳು. ಆ ಬಟ್ಟೆಯ ಗುಂಡಿಗಳೆಲ್ಲ ಇನ್ನೂ ಸಾಲಾಗಿಯೇ ಇದ್ದವು.