ಈರಯ್ಯನಿಗೆ ಬರುತ್ತಿದ್ದ ಕಡಲ ಸುದ್ದಿ

ಈರಯ್ಯ ಮೀನು ತಿನ್ನುವವನಲ್ಲ. ಅಯ್ಯನವರ ಮನೆತನ, ಕೊರಳಲ್ಲಿ ಲಿಂಗ. ಹೆಂಡತಿ ನಿಂಗವ್ವನ ಎದುರು ಮೊಟ್ಟೆಯ ಹೆಸರೆತ್ತಿದರೂ ಅವತ್ತು ನಮಗೆ ಚಹಾ ಸಿಗುತ್ತಿರಲಿಲ್ಲ. ಅಂಥ ಮನುಷ್ಯ ಇಪ್ಪತ್ತೆರಡು ವರ್ಷ, ಮಳೆಗಾಲವೊಂದನ್ನು ಬಿಟ್ಟು, ರವಿವಾರ ಬಂತೆಂದರೆ ಕಾರವಾರದ ಕಡಲಿಗೆ ಗಾಳ ಹಾಕಲು ಓಡುತ್ತಿದ್ದ. ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು, ಮತ್ತೆ ನೀರಿಗೇ ಬಿಡುತ್ತಿದ್ದ.

ನಾನು ಮಾಯಪ್ಪ. ಮೀನು ಎಂದರೆ ಬಾಯಲ್ಲಿ ನೀರೂರುವ ಮಂದಿಯಲ್ಲಿ ಒಬ್ಬ. ಬೆಳಗಾವಿಯ ಉದ್ಯಮಬಾಗದ ಒಂದೇ ಫೌಂಡ್ರಿಯಲ್ಲಿ ಈರಯ್ಯನೂ ನಾನೂ ಮೂವತ್ತು ವರ್ಷ ಬೆವರು ಸುರಿಸಿದ್ದೇವೆ. ನಮ್ಮ ಮನೆಗಳ ನಡುವೆ ಇರುವುದು ಒಂದೇ ಗೋಡೆ.

"ಬಿಡೂದಾದ್ರ ಹಿಡೀತಿ ಯಾಕೋ ಅಯ್ಯಾ? ನನಗರ ತಂದುಕೊಡೋ" ಎಂದು ನಾನು ಎಷ್ಟು ಸಲ ಬೈದಿಲ್ಲ!

"ಅದು ದಾರ ಜಗ್ಗತೈತಲ್ಲ ಮಾಯಪ್ಪ, ಆ ಹೊತ್ತು ಒಂದ ಸಾಕು ನನಗ" ಎನ್ನುತ್ತಿದ್ದ. ತಲೆ ಕೆಟ್ಟವನು ಎಂದುಕೊಂಡು ನಾನು ಸುಮ್ಮನಾಗುತ್ತಿದ್ದೆ.

ಅವನ ಜೊತೆಗಾರ ಓಂಕಾರ, ನಿಂಗವ್ವನ ತಮ್ಮ. ಖಾನಾಪುರದಲ್ಲಿ ಮನೆಮನೆಗೆ ವಾಯರಿಂಗ್ ಮಾಡಿಕೊಂಡಿದ್ದ. ಅವ್ವ ತೀರಿಕೊಂಡಾಗ ಅವನಿಗಿನ್ನೂ ಹನ್ನೊಂದು ವರ್ಷ. ಆಮೇಲೆ ಅವನಿಗೆ ತಲೆ ಬಾಚಿದ್ದು, ಸಾಲಿಗೆ ಕಳಿಸಿದ್ದು, ಜ್ವರ ಬಂದಾಗ ಮಡಿಲಲ್ಲಿ ಮಲಗಿಸಿಕೊಂಡದ್ದು ಎಲ್ಲ ನಿಂಗವ್ವನೇ. ಈರಯ್ಯ ದಂಪತಿಗೆ ಮಕ್ಕಳಾಗಲಿಲ್ಲ. ಓಂಕಾರ ಮದುವೆಯ ಗೊಡವೆಗೆ ಹೋಗಲಿಲ್ಲ. ಹೀಗಾಗಿ ತಮ್ಮನೂ ಅವನೇ, ಮಗನೂ ಅವನೇ. ಶನಿವಾರ ಪಾಳಿ ಮುಗಿದ ಕೂಡಲೇ ಈರಯ್ಯ ಖಾನಾಪುರದ ಬಸ್ಸು ಹಿಡಿಯುತ್ತಿದ್ದ, ಅಲ್ಲಿಂದ ಓಂಕಾರನ ಬೈಕು. ಗಾಳ ಕಟ್ಟುವುದರಿಂದ ಹಿಡಿದು ನೀರಿನ ಬಣ್ಣ ನೋಡುವ ತನಕ ಓಂಕಾರನಿಗೆ ಎಲ್ಲ ಕಲಿಸಿದವನು ಈರಯ್ಯ. ಪಂಚಾಂಗದ ತಿಥಿ ಕೇಳಿದರೆ ಸಾಕು, ಕಡಲಲ್ಲಿ ನೀರು ಏರುವ ಭರತಿ ಎಷ್ಟು ಹೊತ್ತಿಗೆ, ನೀರು ಇಳಿಯುವುದು ಎಷ್ಟು ಹೊತ್ತಿಗೆ ಎಂದು ಈರಯ್ಯ ಬೆಳಗಾವಿಯಲ್ಲಿ ಕುಳಿತೇ ಹೇಳುತ್ತಿದ್ದ. ನಾವು ಫೌಂಡ್ರಿಯಲ್ಲಿ ಅವನನ್ನು "ಮೀನದ ಸ್ವಾಮಿಗಳು" ಎಂದು ಕಾಡಿಸುತ್ತಿದ್ದೆವು. ಅವನು ಒಂದು ದಿನವೂ ಸಿಟ್ಟಾದವನಲ್ಲ.

ಎರಡು ವರ್ಷದ ಹಿಂದೆ ಅವನ ಎಡಭಾಗಕ್ಕೆ ಲಕ್ವ ಹೊಡೆಯಿತು. ನೆಹರು ನಗರದ ದವಾಖಾನೆಯಲ್ಲಿ ಇಪ್ಪತ್ತು ದಿನ ಇದ್ದು ಮನೆಗೆ ಬಂದ. ಕೈಕಾಲು ಅರ್ಧ ಹೋಗಿತ್ತು, ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಹೃದಯವೂ ಸೋತಿದೆ, ಇನ್ನೊಂದು ಪೆಟ್ಟು ತಡೆಯುವುದು ಕಷ್ಟ, ಮನಸ್ಸಿಗೆ ನೋವಾಗದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರು ನಿಂಗವ್ವನಿಗೆ ಬಿಡಿಸಿ ಹೇಳಿದ್ದರು. ಮೊದಲ ಎರಡು ತಿಂಗಳು ಈರಯ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅನ್ನ ಕಲಸಿ ಬಾಯಿಗಿಟ್ಟರೂ ನುಂಗಲಿಲ್ಲ.

ಅವನನ್ನು ಎಬ್ಬಿಸಿ ಕೂರಿಸಿದವನು ಓಂಕಾರ. ಒಬ್ಬನೇ ಕಡಲಿಗೆ ಹೋಗಲು ಶುರು ಮಾಡಿದ, ರವಿವಾರ ಸಂಜೆ ಅಲ್ಲಿಂದಲೇ ಅಕ್ಕನ ಮೊಬೈಲಿಗೆ ಸುದ್ದಿ ಬರೆದು ಕಳಿಸತೊಡಗಿದ. ನಿಂಗವ್ವ ಮಂಚದ ಬಾಜೂಕ ಕುಳಿತು ಅದನ್ನು ಗಟ್ಟಿಯಾಗಿ ಓದುತ್ತಿದ್ದಳು: "ಮಾಮಾ, ಗಾಳಿ ಸಣ್ಣಗೈತಿ. ನೀರು ತಿಳಿ. ಹತ್ತೂವರಿಗೆ ಭರತಿ. ಒಂಬತ್ತಕ್ಕ ಒಂದು ಚೊಣಕ ಬಿತ್ತು, ಮೂರು ಕಿಲೋ, ಬಿಟ್ಟೆ. ಇನ್ನೊಂದು ದಾರ ಕಡಕೊಂಡು ಹೋತು, ಅದು ನಿಮ್ಮನ್ನ ಕೇಳಿತು." ಚೊಣಕ ಎಂದರೆ ಅವರಿಬ್ಬರಿಗೂ ಪಂಚಪ್ರಾಣವಾದ ಮೀನು, ಬೆಳ್ಳಗೆ ಹೊಳೆಯುವ ಗಟ್ಟಿ ಮೈಯದು. ಓದು ಮುಗಿಯುವ ಹೊತ್ತಿಗೆ ಈರಯ್ಯನ ಬಲಗೈ ಹೊದಿಕೆಯ ಮೇಲೆ ರೀಲು ಸುತ್ತುತ್ತಿರುತ್ತಿತ್ತು. ಅವತ್ತು ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದ. ಆಮೇಲೆ ಮುಂದಿನ ವಾರ ಎಲ್ಲಿ ನಿಲ್ಲಬೇಕು, ಯಾವ ಗಾಳ ಕಟ್ಟಬೇಕು ಎಂದು ತೊದಲುತ್ತಾ ಹೇಳುತ್ತಿದ್ದ, ನಿಂಗವ್ವ ಅದನ್ನು ಬರೆದು ತಮ್ಮನಿಗೆ ಕಳಿಸುತ್ತಿದ್ದಳು. ಮೀನಿನ ವಾಸನೆಗೆ ಸೆರಗು ಮುಚ್ಚಿಕೊಳ್ಳುವ ಹೆಂಗಸು ಸೀಗಡಿ, ಗಾಳ, ಭರತಿ ಎಂದೆಲ್ಲ ಬರೆಯುವುದನ್ನು ನೋಡಿ ನನಗೆ ನಗು ಬರುತ್ತಿತ್ತು.

ಹೋದ ದೀಪಾವಳಿಗೆ ಒಂದು ತಿಂಗಳು ಮುಂಚಿನ ಮಾತು. ಈರಯ್ಯ ಹೇಳಿದ: "ಬರೂ ರವಿವಾರ ಅಮಾಸಿ. ದಂಡಿ ಮ್ಯಾಲ ನಿಂದರಬ್ಯಾಡ ಅನ್ನು. ಕರಿಬಂಡಿ ಮ್ಯಾಲ ಹೋಗು ಅನ್ನು. ಅಮಾಸಿ ಭರತಿಗೆ ದೊಡ್ಡ ಚೊಣಕ ಅಲ್ಲೇ ಬರತೈತಿ." ನಿಂಗವ್ವ ಹಾಗೆಯೇ ಬರೆದು ಕಳಿಸಿದಳು. "ಆತು ಮಾಮಾ" ಎಂದು ಉತ್ತರ ಬಂತು.

ಆ ರವಿವಾರ ಓಂಕಾರ ನೀರಿನೊಳಗೆ ಚಾಚಿಕೊಂಡ ಆ ಕರಿಬಂಡೆ ಹತ್ತಿದ. ಮಧ್ಯಾಹ್ನದ ಹೊತ್ತಿಗೆ ದಂಡೆಯಲ್ಲಿ ಚಹಾದ ಅಂಗಡಿ ಇಟ್ಟಿರುವ ಕಾಂತಾ ಎಂಬ ಹೆಂಗಸಿನ ಫೋನು ನಿಂಗವ್ವನಿಗೆ ಬಂತು. ಒಂದು ತೆರೆ ಬಂಡೆಯ ಮೇಲೆ ಹಾದು ಹೋಯಿತಂತೆ. ತೆರೆ ಇಳಿದಾಗ ಬಂಡೆಯ ಮೇಲೆ ಯಾರೂ ಇರಲಿಲ್ಲವಂತೆ. ಸಂಜೆ ಹೆಣ ಸಿಕ್ಕಿತು.

ನಿಂಗವ್ವ ಫೋನು ಹಿಡಿದುಕೊಂಡೇ ನಮ್ಮ ಹಿತ್ತಲಿಗೆ ಬಂದಳು. ಅಳಲಿಲ್ಲ. "ಮಾಯಪ್ಪಣ್ಣ, ಇವರು ಹೇಳಿದ್ದಕ್ಕ ಅವ ಅಲ್ಲಿ ಹೋದ. ಇದು ಗೊತ್ತಾದ್ರ ಇವರು ಉಳಿಯೂದಿಲ್ಲ. ನನಗ ಇನ್ನ ಇವರೊಬ್ಬರ ಅದಾರ. ನಿಮ್ಮ ಕಾಲಿಗೆ ಬೀಳತೇನಿ, ಬಾಯಿ ಬಿಡಬ್ಯಾಡ್ರಿ." ಆಮೇಲೆ ತನ್ನ ಹೆಬ್ಬೆರಳನ್ನೇ ನೋಡುತ್ತಾ ಅಂದಳು: "ಬರದಾಕಿ ನಾನರೀ."

ಮರುದಿನ ಖಾನಾಪುರದಲ್ಲಿ ಓಂಕಾರನನ್ನು ಮಣ್ಣು ಮಾಡಿದೆವು. ಗಂಡನಿಗೆ ಆಕೆ ಹೇಳಿದ್ದು, ಖಾನಾಪುರದಲ್ಲಿ ಗೆಳತಿಯ ಬಸುರಿ ಸೊಸೆಯ ಕುಪ್ಪಸ ಕಾರ್ಯ ಎಂದು. ತಿರುಗಿ ಬಂದವಳು ನಮ್ಮ ನಳದಲ್ಲಿ ಮುಖ ತೊಳೆದುಕೊಂಡಳು, ಕುಂಕುಮ ಸರಿಮಾಡಿಕೊಂಡಳು, ಒಳಗೆ ಹೋದಳು. ಗೋಡೆಯ ಆಚೆಯಿಂದ ಈರಯ್ಯನ ತೊದಲು ಕೇಳಿಸಿತು: "ಓಂಕಾರಂದು ಸುದ್ದಿ ಬಂತೇನು?"

"ಬಂದೈತ್ರಿ. ತಡೀರಿ, ಓದತೇನಿ" ಎಂದಳು ನಿಂಗವ್ವ.

ಅವತ್ತಿನಿಂದ ಆಕೆಯೇ ಓಂಕಾರ. ಕಾರವಾರದಲ್ಲಿ ದೊಡ್ಡ ಬಿಲ್ಡಿಂಗಿನ ವಾಯರಿಂಗ್ ಸಿಕ್ಕಿದೆ, ಅಲ್ಲಿಯೇ ಉಳಿದಿದ್ದಾನೆ, ಇತ್ತ ಬರಲು, ಫೋನಿನಲ್ಲಿ ಮಾತಾಡಲು ಪುರಸೊತ್ತಿಲ್ಲ ಎಂದು ಗಂಡನನ್ನು ನಂಬಿಸಿದಳು. ರವಿವಾರ ಮಧ್ಯಾಹ್ನ ನಮ್ಮ ಹಿತ್ತಲಿಗೆ ಬಂದು ಕಾಂತಾಳಿಗೆ ಫೋನು ಮಾಡುತ್ತಿದ್ದಳು. "ಇವತ್ತ ಸಮುದ್ರ ಹ್ಯಾಂಗೈತ್ರಿ ಬಾಯಾರ? ಗಾಳಿ ಯಾ ಕಡಿಂದ? ನೀರು ತಿಳಿ ಐತೇನು? ಭರತಿ ಎಷ್ಟಕ್ಕ? ಯಾರಿಗರ ಏನರ ಬಿತ್ತೇನು?" ತನ್ನ ತಮ್ಮನನ್ನು ನುಂಗಿದ ಕಡಲಿನ ಕ್ಷೇಮಸಮಾಚಾರ ಕೇಳುವುದು! ಆ ಮಾತು ಕಿವಿಗೆ ಬಿದ್ದಾಗೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಸಿಟ್ಟೂ ಬರುತ್ತಿತ್ತು. ಯಾರ ಮೇಲೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ.

ದೀಪಾವಳಿಗೆ ಗಂಡನ ಎದುರು ಕರ್ಚಿಕಾಯಿ ಕರಿದಳು. ಪ್ರತಿವರ್ಷ ತಮ್ಮನನ್ನು ಮಣೆಯ ಮೇಲೆ ಕೂರಿಸಿ ಆರತಿ ಬೆಳಗುವವಳು, ಈ ಸಲ ಅವನಿಗೆ ರಜೆ ಸಿಗಲಿಲ್ಲ ಎಂದಳು. ಒಂದು ಡಬ್ಬಿ ತುಂಬಾ ಕರ್ಚಿಕಾಯಿ ಕಟ್ಟಿ, ಕಾರವಾರದ ಬಸ್ಸಿಗೆ ಕೊಟ್ಟು ಬನ್ನಿ ಎಂದು ಗಂಡನಿಗೆ ಕೇಳುವಂತೆ ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಎಲ್ಲಿಗೆ ಒಯ್ಯಲಿ? ನಾಲ್ಕು ದಿನ ನಮ್ಮ ಅಟ್ಟದ ಮೇಲೆ ಇತ್ತು. ತಿನ್ನಲು ಮನಸ್ಸಾಗಲಿಲ್ಲ, ಕೊನೆಗೆ ದನಕ್ಕೆ ಹಾಕಿದೆ.

ಛಟ್ಟಿ ಹಬ್ಬದ ಆಸುಪಾಸು ಒಂದು ರವಿವಾರ ಕಾಂತಾ ಫೋನು ಎತ್ತಲಿಲ್ಲ. ಸಂಜೆಯಾಯಿತು, ಈರಯ್ಯ ಕರೆಯತೊಡಗಿದ. ನಿಂಗವ್ವ ದಿಕ್ಕು ತೋಚದೆ ಹಿಂದಿನ ವಾರದ್ದನ್ನೇ ಅಷ್ಟಿಷ್ಟು ತಿರುವಿ ಓದಿದಳು. ಮೀನು ಬೇರೆ ಮಾಡಿದಳು, ತೂಕ ಬೇರೆ ಮಾಡಿದಳು. "ಹತ್ತೂವರಿಗೆ ಭರತಿ" ಎಂಬುದನ್ನು ಮಾತ್ರ ಹಾಗೆಯೇ ಬಿಟ್ಟಳು. ಪಾಪ, ಕಡಲನ್ನು ಒಮ್ಮೆಯೂ ಕಾಣದವಳು. ವಾರವಾರ ಭರತಿಯ ಹೊತ್ತು ಓದಿದರೂ ಅದು ತಿಥಿಯ ಜೊತೆ ಸರಿಯುತ್ತದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಹಿಂದಿನ ವಾರ ಹುಣ್ಣಿಮೆ, ಭರತಿ ಹತ್ತೂವರೆಗೆ ಸರಿಯಾಗಿತ್ತು. ಈ ರವಿವಾರ ಅಷ್ಟಮಿ. ಅಷ್ಟಮಿಯ ದಿನ ಹತ್ತೂವರೆಗೆ ಅಲ್ಲಿ ನೀರು ಪೂರಾ ಇಳಿದು ಉಸುಕು ಕಾಣುತ್ತಿರುತ್ತದೆ. ತಿಥಿಯನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡವನಿಗೆ ಅದು ತಿಳಿಯದೇ ಇರುತ್ತದೆಯೇ?

ಮರುದಿನ ಆಕೆ ಟಿಳಕವಾಡಿಗೆ ಔಷಧ ತರಲು ಹೋದಾಗ ಈರಯ್ಯ ಗೋಡೆ ಬಡಿದು ನನ್ನನ್ನು ಕರೆದ. ಹೋಗಿ ಕುಳಿತೆ. ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದ.

"ನಿನ್ನಿ ಸುದ್ದಿ ಓಂಕಾರ ಬರದದ್ದಲ್ಲ. ಅವ ಭರತಿ ಹೊತ್ತು ತಪ್ಪೂ ಹುಡುಗ ಅಲ್ಲ. ಖರೇ ಹೇಳು ಮಾಯಪ್ಪ. ಅವ ಆರಾಮ ಅದಾನಿಲ್ಲೋ?"

ನಾನು ದೊಡ್ಡ ಬಾಯಿಯವನು. ಫೌಂಡ್ರಿಯಲ್ಲಿ ಮ್ಯಾನೇಜರನ ಎದುರು ಹಸಿ ಸುಳ್ಳು ಹೇಳಿ ದಕ್ಕಿಸಿಕೊಂಡವನು. ಅವತ್ತು ಕೈ ಬಿಡಿಸಿಕೊಂಡು ಏಳಲು ನೋಡಿದೆ, ಅವನು ಬಿಡಲಿಲ್ಲ. ನನ್ನ ಮುಖ ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ, ಆದರೆ ಅಷ್ಟರಿಂದಲೇ ಅವನಿಗೆ ತಿಳಿಯಿತು.

"ಕರಿಬಂಡಿ ಮ್ಯಾಲೇನು?" ಎಂದ.

"ಹೂಂ" ಅಂದೆ.

ಅವನ ಹೃದಯ ನಿಂತೇ ಹೋಯಿತೆಂದು ನಾನು ಹೆದರಿದೆ. ಕಣ್ಣು ಮುಚ್ಚಿಕೊಂಡ. ನಿಂಗವ್ವನ ಚಪ್ಪಲಿಯ ಸಪ್ಪಳ ಓಣಿಯಲ್ಲಿ ಕೇಳಿದಾಗ ನನ್ನ ಕೈ ಬಿಟ್ಟ. "ನನಗ ಗೊತ್ತೈತಿ ಅಂತ ಆಕಿಗೆ ಹೇಳಬ್ಯಾಡ. ಆಕಿ ಅಳೂದು ನುಂಗಿ ಓದಾಕ ಹತ್ಯಾಳ. ಗೊತ್ತಾತು ಅಂದ್ರ ಆಕಿ ಮುಂದ ನಾ ಹ್ಯಾಂಗ ಕುಂದರ್ಲಿ? ಆಕಿ ಮಗನಂಥಾವನ್ನ ನಾನ ಕಳಿಸೇನಿ."

ಹೀಗೆ ಇಬ್ಬರ ಗುಟ್ಟೂ ನನ್ನ ಹೊಟ್ಟೆಯಲ್ಲಿ ಬಿತ್ತು. ಆರು ತಿಂಗಳು. ಪ್ರತಿ ರವಿವಾರ ಆಕೆ ಸತ್ತ ತಮ್ಮನ ಮಾತು ಓದುತ್ತಿದ್ದಳು, ಅವನು ಗೊತ್ತಿದ್ದೂ ತಲೆಯಾಡಿಸುತ್ತಿದ್ದ. ಮೊದಲಿನ ಹಾಗೆ ಅಲ್ಲಿ ನಿಲ್ಲು ಇಲ್ಲಿ ನಿಲ್ಲು ಎನ್ನುವುದನ್ನು ಬಿಟ್ಟುಬಿಟ್ಟ. "ಹುಷಾರ ಅನ್ನು, ಸಾಕು" ಎನ್ನುತ್ತಿದ್ದ. ಆಕೆಗೆ ಖುಷಿಯಾಗಲಿ ಎಂದು ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದ, ಆಕೆ ಒಳಗೆ ಹೋದ ಮೇಲೆ ಗಂಟಲಲ್ಲಿ ಇಳಿಯದೆ ಒದ್ದಾಡುತ್ತಿದ್ದ. ಇಬ್ಬರನ್ನೂ ಎದುರುಬದುರು ಕೂರಿಸಿ, ಅತ್ತುಬಿಡಿರಿ ಎಂದು ಗದರಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿತು. ಡಾಕ್ಟರ ಮಾತು ನೆನಪಾಗಿ ಬಾಯಿ ಹೊಲಿದುಕೊಂಡೆ. ಅಂಜುಬುರುಕ ಎಂದರೆ ಎನ್ನಿ.

ಈ ವರ್ಷದ ಮೇ ಕೊನೆಯ ರವಿವಾರ. ಮಳೆ ಇನ್ನೇನು ಬಾಗಿಲಿಗೆ ಬಂದಿತ್ತು. ಮಳೆ ಹಿಡಿಯಿತೆಂದರೆ ಯಾರೂ ಗಾಳ ಹಾಕುವುದಿಲ್ಲ, ಮೂರು ತಿಂಗಳು ಸುದ್ದಿಯೂ ಇಲ್ಲ. ನಿಂಗವ್ವನಿಗೆ ಅಷ್ಟಾದರೂ ಬಿಡುವು ಸಿಕ್ಕೀತು ಎಂದುಕೊಂಡು ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದೆ. ಆಕೆ ಓದಿದಳು: "ಮಾಮಾ, ತೆಂಕಣ ಗಾಳಿ ಬಿಟ್ಟೈತಿ. ನೀರು ರಾಡಿ. ಒಂದೂ ಬೀಳಲಿಲ್ಲ. ಇನ್ನ ಮಳಿ ಮುಗದ ಮ್ಯಾಲ."

ಈರಯ್ಯ ದಿಂಬಿಗೆ ಒರಗಿಕೊಂಡಿದ್ದ. "ಬರಿ" ಎಂದ. "ಉತ್ತರ ಬರಿ."

ಆಕೆ ಮೊಬೈಲು ಹಿಡಿದುಕೊಂಡಳು.

"ಓಂಕಾರಾ. ಕರಿಬಂಡಿ ಮ್ಯಾಲ ಹೋಗು ಅಂತ ನಾ ಹೇಳಬಾರದಿತ್ತು. ತಪ್ಪಾತು ನನ್ನಿಂದ. ನಿಮ್ಮಕ್ಕನ ಕೈಲೆ ಬರಿಸಿದ್ದೂ ತಪ್ಪಾತು. ಆಕಿದೇನೂ ತಪ್ಪಿಲ್ಲ."

ನಿಂಗವ್ವನ ಹೆಬ್ಬೆರಳು ನಿಂತಿತು. ಆಕೆ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಆಕೆಗೆ ಎಲ್ಲ ತಿಳಿಯಿತು, ಇವನಿಗೆ ಗೊತ್ತಿದೆ ಎಂಬುದು, ಎಷ್ಟೋ ದಿನದಿಂದ ಗೊತ್ತಿದೆ ಎಂಬುದು. ಈಗ ಕಿರುಚುತ್ತಾಳೆ, ಇಲ್ಲವೇ ಎದ್ದು ಒಳಗೆ ಹೋಗುತ್ತಾಳೆ ಎಂದುಕೊಂಡೆ. ಆಕೆ ಅಲ್ಲಿಯೇ ಕುಳಿತು, ಗಂಡ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದಳು. ಓಂಕಾರನ ನಂಬರು ಎಂದೋ ಬಂದ್ ಆಗಿತ್ತು. ಆದರೂ ಕಳಿಸಿದಳು.

ಮೊಬೈಲನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಅದನ್ನು ಮುಖದ ಹತ್ತಿರ ತಂದಳು. ಪರದೆಯಲ್ಲಿ ಬೆಳಕೇ ಇರಲಿಲ್ಲ.

"ಉತ್ತರ ಬಂದೈತ್ರಿ" ಎಂದಳು.

"ಓದು."

"ಮಾಮಾ, ನೀವು ಹೇಳೀರಿ ಅಂತ ನಾ ಹೋಗಲಿಲ್ಲ. ನೀವು ಹೇಳದಿದ್ರೂ ಅವತ್ತ ನಾ ಅಲ್ಲೇ ಹೋಗತಿದ್ದೆ. ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ನೀವು ಹೊಟ್ಟಿ ತುಂಬ ಉಣ್ರಿ. ಅಕ್ಕಗ..."

ಅಲ್ಲಿಗೆ ಆಕೆಯ ದನಿ ಒಡೆಯಿತು. ಏಳು ತಿಂಗಳು ಕಟ್ಟಿಟ್ಟ ಅಳು. ಸೆರಗು ಬಾಯಿಗೆ ಒತ್ತಿಕೊಂಡು, ಮಂಚದ ಅಂಚಿಗೆ ಹಣೆ ಹಚ್ಚಿ, ತಮ್ಮಾ ತಮ್ಮಾ ಎಂದು ಅತ್ತಳು. ಈರಯ್ಯ ಬಲಗೈ ಚಾಚಿ ಆಕೆಯ ತಲೆಯ ಮೇಲಿಟ್ಟ. ಅವನ ಕಣ್ಣಿಂದಲೂ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಇನ್ನೊಂದು ಕೈ ಏಳಲಿಲ್ಲ. ನಾನೇ ಟವೆಲ್ಲಿನಿಂದ ಒರೆಸಿದೆ.

ಬಹಳ ಹೊತ್ತಾದ ಮೇಲೆ ಈರಯ್ಯ ಕೇಳಿದ: "ನಿಂಗೂ, ಈಗ ಎಲ್ಲಿ ನಿಂತಾನ ಕೇಳು ಅವಗ."

ನಿಂಗವ್ವ ತಲೆ ಎತ್ತಲಿಲ್ಲ. ಈ ಸಲ ಮೊಬೈಲನ್ನೂ ಹಿಡಿಯಲಿಲ್ಲ.

"ದಂಡಿ ಮ್ಯಾಲ ನಿಂತಾನ್ರಿ" ಎಂದಳು. "ಉಸುಕಿನಾಗ. ನೀರು ಅವನ ಮೊಣಕಾಲ ತನಕಾನೂ ಇಲ್ಲರೀ."