ಹುಟ್ಟು ಹಿಡಿದ ಹುಡುಗಿ, ಕೈಕೊಟ್ಟ ಥರ್ಮೋಡೈನಾಮಿಕ್ಸ್

ಈ ಬೇಸಿಗೆಯ ಶುರುವಿನಲ್ಲಿ ನಾನು ಒಬ್ಬ ಹುಡುಗಿಗೆ ಬುದ್ಧಿ ಹೇಳಲು ಹೋಗಿ, ಎರಡೂ ಬೂಟಿನ ತುಂಬ ನೀರು ತುಂಬಿಸಿಕೊಂಡು ವಾಪಸ್ ಬಂದೆ.

ಬುದ್ಧಿ? ಅದನ್ನು ಹೇಗೆ ತೆಗೆದುಕೊಂಡು ಹೋಗಿದ್ದೆನೋ ಹಾಗೇ ವಾಪಸ್ ತಂದೆ. ಪ್ಯಾಕೆಟ್ ಕೂಡ ಒಡೆದಿರಲಿಲ್ಲ.

ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿ ಶಿವಾನಂದ, ಶ್ರೀದೇವಿ ದಂಪತಿ ಇದ್ದಾರೆ. ವಿಜಯಪುರದವರು. ಶಿವಾನಂದ ಕಾರುಗಳ ಬ್ರೇಕ್‌ಗೆ ಸಾಫ್ಟ್‌ವೇರ್ ಬರೆಯುತ್ತಾರೆ. (ಮನೆಯಲ್ಲೂ ಅದೇ ಕೆಲಸ. ಯಾರು ಏನು ಶುರು ಮಾಡಿದರೂ ಮೊದಲು ಬ್ರೇಕ್.) ಒಬ್ಬಳೇ ಮಗಳು ಪಲ್ಲವಿ. ಮ್ಯೂನಿಕ್‌ನ ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಾಳೆ, ಜೊತೆಗೆ ರೋಯಿಂಗ್ ಮಾಡುತ್ತಾಳೆ.

ತಪ್ಪು ಹೇಳಿದೆ. ರೋಯಿಂಗ್ ಮಾಡುತ್ತಾಳೆ, ಜೊತೆಗೆ ಎಂಜಿನಿಯರಿಂಗ್ ಓದುತ್ತಾಳೆ. ಆ ಮನೆಯ ಜಗಳವೆಲ್ಲ ಈ ಎರಡು ವಾಕ್ಯಗಳ ನಡುವೆಯೇ ನಡೆಯುವುದು.

ನೋಡದವರಿಗೆ ಹೇಳುತ್ತೇನೆ. ಉದ್ದನೆಯ ಸಪೂರ ದೋಣಿ. ಅದರಲ್ಲಿ ಎಂಟು ಹುಡುಗಿಯರು, ಒಬ್ಬೊಬ್ಬಳ ಕೈಯಲ್ಲಿ ಒಂದೊಂದು ಹುಟ್ಟು. ಅವರ ಮುಂದೆ ಪುಟ್ಟ ಗಾತ್ರದ ಒಬ್ಬಳು ಕೂತು, ಕೂಗಿ ಕೂಗಿ ದಾರಿ ಹೇಳುತ್ತಾಳೆ. ಅವಳಿಗೆ ಕಾಕ್ಸ್ ಎನ್ನುತ್ತಾರೆ. ಹುಟ್ಟು ಹಾಕುವವರೆಲ್ಲ ದೋಣಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ.

"ಎತ್ತಾಗ ಹೊಂಟೀವಿ ಅನ್ನೂದ ಕಾಣಂಗಿಲ್ಲಲ್ರೀ! ಇದೆಂಥಾ ಆಟ?" ಇದು ಶಿವಾನಂದ ಅವರ ಶಾಶ್ವತ ಆಕ್ಷೇಪ.

ಆದರೆ ಹುಡುಗಿಯನ್ನು ಈ ಆಟಕ್ಕೆ ಹಚ್ಚಿದ್ದು ಯಾರು? ಇವರೇ! ಪಲ್ಲವಿ ಸ್ಕೂಲಿನಲ್ಲಿದ್ದಾಗ, "ಇಲ್ಲಿ ಮಕ್ಕಳು ಯಾವುದಾದರೂ ಕ್ಲಬ್‌ನಲ್ಲಿ ಇರಬೇಕು, ಪ್ರೊಫೈಲ್‌ಗೆ ಒಳ್ಳೆಯದು" ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ಡೋನಾವ್ ನದಿ ಮನೆಯ ಹತ್ತಿರವೇ ಇತ್ತು. ಸೇರಿಸಿದರು. ಹುಡುಗಿ ಎತ್ತರಕ್ಕೆ ಬೆಳೆದಳು. ಭುಜ ಅಗಲವಾಯಿತು. ಜೂನಿಯರ್ ವಿಭಾಗದಲ್ಲಿ ದೇಶದ ಮಟ್ಟದ ಬೆಳ್ಳಿ ಪದಕ ತಂದಳು. ನಮ್ಮ ಕನ್ನಡ ಬಳಗ ಯುಗಾದಿ ಕಾರ್ಯಕ್ರಮದಲ್ಲಿ ಶಾಲು ಹೊದಿಸಿತು. ಶಿವಾನಂದ ಆ ಫೋಟೋವನ್ನು ತಿಂಗಳುಗಟ್ಟಲೆ ಡಿಪಿ ಮಾಡಿಕೊಂಡಿದ್ದರು.

ಹಾಬಿಯ ಬಗ್ಗೆ ನಮ್ಮವರಿಗೆ ಅಪಾರ ಗೌರವ. ಎಲ್ಲಿಯತನಕ? ಮಕ್ಕಳು ಅದರಲ್ಲಿ ನಿಜಕ್ಕೂ ಮುಂದೆ ಬರುವತನಕ.

ಯೂನಿವರ್ಸಿಟಿಗೆ ಸೇರಿದ ಮೇಲೆ ಪಲ್ಲವಿ ಅಲ್ಲಿನ ಮೊದಲ ದರ್ಜೆಯ ದೋಣಿಗೆ ಆಯ್ಕೆಯಾದಳು. ಅದೂ ಸ್ಟ್ರೋಕ್ ಸೀಟ್. ಅಂದರೆ ಲಯ ಹಿಡಿಯುವವಳು. ಹಿಂದಿನ ಏಳೂ ಜನ ಇವಳ ಹುಟ್ಟನ್ನು ನೋಡಿಯೇ ತಮ್ಮ ಹುಟ್ಟು ಹಾಕಬೇಕು. ರಾಷ್ಟ್ರೀಯ ತಂಡದ ಆಯ್ಕೆಗಾರರು ಅವಳ ಹೆಸರು ಬರೆದುಕೊಂಡಿದ್ದಾರೆ ಎಂದೂ ಸುದ್ದಿ ಇತ್ತು.

ಅಷ್ಟರಲ್ಲಿ ಥರ್ಮೋಡೈನಾಮಿಕ್ಸ್ ಕೈಕೊಟ್ಟಿತು. ಒಮ್ಮೆ ಫೇಲ್. ಮತ್ತೊಮ್ಮೆ ಫೇಲ್.

ನಮ್ಮಲ್ಲಾದರೆ ಏನು? ಬ್ಯಾಕ್ ಪೇಪರ್ ಎಂದು ಹೇಳಿಕೊಂಡು ಕ್ಯಾಂಟೀನಿನಲ್ಲಿ ಆರಾಮಾಗಿ ಚಹಾ ಕುಡಿಯಬಹುದು. ಅವಳ ಯೂನಿವರ್ಸಿಟಿಯ ಲೆಕ್ಕ ಬೇರೆ. ಮೂರನೆಯದೇ ಕೊನೆಯ ಅವಕಾಶ. ಡ್ರಿಟ್‌ಫೆರ್‌ಸೂಖ್ ಎನ್ನುತ್ತಾರೆ. ಹೆಸರು ಕೇಳಿದರೇ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿದ ಹಾಗೆ. ಅದರಲ್ಲೂ ಫೇಲಾದರೆ ಮನೆಗೆ ಹೋಗು ಅಷ್ಟೇ. ಅದೇ ಕೋರ್ಸನ್ನು ಜರ್ಮನಿಯ ಇನ್ನೊಂದು ಯೂನಿವರ್ಸಿಟಿಗೆ ಹೋಗಿ ಓದುತ್ತೇನೆ ಎಂದರೂ ಸೇರಿಸಿಕೊಳ್ಳುವುದಿಲ್ಲ.

ಆ ಮೂರನೇ ಪರೀಕ್ಷೆ ಸೋಮವಾರ ಬೆಳಿಗ್ಗೆ. ದೇಶದ ಯೂನಿವರ್ಸಿಟಿಗಳ ನಡುವಿನ ರೋಯಿಂಗ್ ಫೈನಲ್ ಅದರ ಹಿಂದಿನ ದಿನ, ಭಾನುವಾರ.

ಬಳಗದ ವಾಟ್ಸಾಪ್ ಗ್ರೂಪಿಗೆ ಸುದ್ದಿ ತಲುಪಲು ಎಷ್ಟು ಹೊತ್ತು? ಅಬ್‌ಸ್ಟಾಟ್‌ನ ಎಂಜಿನಿಯರ್ ಅಂಕಲ್ ಒಬ್ಬರು, "ಥರ್ಮೋ ಈಸ್ ವೆರಿ ಈಸಿ, ಓನ್ಲಿ ಪ್ರಾಕ್ಟೀಸ್" ಎಂದು ಬರೆದು ಕೈಮುಗಿಯುವ ಇಮೋಜಿ ಹಾಕಿದರು. ನೊಯ್‌ಬಿಬರ್ಗ್‌ನ ಆಂಟಿಯೊಬ್ಬರು, "ಮೊದಲೇ ಭರತನಾಟ್ಯಕ್ಕೆ ಹಾಕಬೇಕಿತ್ತು" ಎಂದರು. (ಥರ್ಮೋಡೈನಾಮಿಕ್ಸ್‌ಗೂ ಭರತನಾಟ್ಯಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.)

ಶಿವಾನಂದ ಸುಮ್ಮನೆ ಕೂರುವವರಲ್ಲ. ರೋಯಿಂಗ್ ಕೋಚ್‌ಗೇ ಫೋನ್ ಹಚ್ಚಿದರು. "ನನ್ನ ಮಗಳನ್ನು ದಯವಿಟ್ಟು ದೋಣಿಯಿಂದ ಇಳಿಸಿಬಿಡಿ" ಎಂದು ಜರ್ಮನ್‌ನಲ್ಲಿ ವಿನಂತಿಸಿಕೊಂಡರು. ಕೋಚ್ ಹೈಕೆ ಎಂಬ ಹೆಂಗಸು. ಆಕೆ ಕೊಟ್ಟ ಉತ್ತರವನ್ನು ಮರುದಿನ ಮೆಟ್ಟಿಲ ಮೇಲೆ ಸಿಕ್ಕಿದಾಗ ಹೇಳಿ ಹಲ್ಲು ಕಡಿದರು.

"ಡಾಟೆನ್‌ಶುಟ್ಸ್ ಅಂದ್ಲ್ರೀ! ನಿಮ್ಮ ಮಗಳು ವಯಸ್ಕಳು, ಆಕಿ ಮಾಹಿತಿ ಗೌಪ್ಯ, ನಮ್ಮ ಟೀಮಿನ್ಯಾಗ ಆ ಹೆಸರಿನಾಕಿ ಅದಾಳೋ ಇಲ್ಲೋ ಅನ್ನೂದನ್ನೂ ನಾ ಹೇಳಾಕ ಬರಂಗಿಲ್ಲ ಅಂದ್ಲು. ನನ್ನ ಮಗಳ್ರೀ ಅಕಿ!"

ಕೊನೆಗೆ ಶ್ರೀದೇವಿ ಶೇಂಗಾ ಹೋಳಿಗೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಹೋಳಿಗೆ ನೋಡಿದಾಗಲೇ ನನಗೆ ಅನುಮಾನ ಬಂದಿತ್ತು.

"ನೀವು ಪೇಪರಿಗೆ ಬರೀತೀರಿ. ನಿಮ್ಮ ಮಾತು ಅಕಿ ಕೇಳ್ತಾಳ. ಒಂದೀಟು ಹೋಗಿ ತಿಳಿಸಿ ಹೇಳಿ ಬರ್ರಿ. ಈ ವರ್ಷ ಒಂದ್ ಬಿಡು ಅನ್ರಿ, ಸಾಕು."

ಪೇಪರಿಗೆ ಬರೆಯುವವರ ಮಾತನ್ನು ಯಾರಾದರೂ ಕೇಳುತ್ತಾರೆಯೇ? ನೀವೇ ಕೇಳುತ್ತೀರಾ? ಆದರೆ ಹೋಳಿಗೆ ಆಗಲೇ ಬಾಯಲ್ಲಿತ್ತು. ಒಪ್ಪಿಕೊಂಡೆ.

ಮ್ಯೂನಿಕ್ ಹೊರಗಿನ ಆ ಉದ್ದನೆಯ ಕೊಳದ ದಡಕ್ಕೆ ನಾನು ಹೋದಾಗ ಅಭ್ಯಾಸ ಶುರುವಾಗಿಬಿಟ್ಟಿತ್ತು. ಕೋಚ್ ಹೈಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಲೈಫ್ ಜಾಕೆಟ್ ಒಂದನ್ನು ಎಸೆದು, ತನ್ನ ಮೋಟಾರ್ ಬೋಟಿಗೆ ಹತ್ತಲು ಹೇಳಿದಳು. ಬೋಟಿನ ತಳದಲ್ಲಿ ನೀರು ನಿಂತಿತ್ತು. ನನ್ನ ಬೂಟಿನ ಕಥೆ ಅಲ್ಲಿಗೆ ಮುಗಿಯಿತು.

ಹುಡುಗಿಯರ ದೋಣಿಯ ಪಕ್ಕದಲ್ಲೇ ನಾವು ಸಾಗುತ್ತಿದ್ದೆವು. ಪಲ್ಲವಿಯನ್ನು ನಾನು ಮೆಟ್ಟಿಲ ಮೇಲೆ, ಲಿಫ್ಟಿನಲ್ಲಿ, ಗಣಪತಿ ಹಬ್ಬದ ದಿನ ಸೀರೆ ಎಡವುತ್ತಾ ಓಡಾಡುವಾಗ ನೋಡಿದ್ದೆ. ಯಾವಾಗಲೂ ತನ್ನ ಎತ್ತರಕ್ಕೆ ತಾನೇ ನಾಚಿಕೊಂಡವಳಂತೆ ಬಗ್ಗಿ ನಡೆಯುವ ಹುಡುಗಿ. ಇಲ್ಲಿ ಬೆನ್ನು ನೆಟ್ಟಗಿತ್ತು. ಅವಳು ಹುಟ್ಟು ಎಳೆದರೆ ಹಿಂದಿನ ಏಳು ಹುಟ್ಟುಗಳೂ ಒಂದೇ ಸದ್ದು ಮಾಡಿ ನೀರಿನಿಂದ ಏಳುತ್ತಿದ್ದವು. ಅವಳು ವೇಗ ಹೆಚ್ಚಿಸಿದರೆ ಇಡೀ ದೋಣಿ ಜಿಗಿಯುತ್ತಿತ್ತು. ನಾನು ಕಲಿತು ತಂದಿದ್ದ ಭಾಷಣದ ಮೊದಲ ಪ್ಯಾರಾ ಅಲ್ಲೇ ಮರೆತುಹೋಯಿತು.

ಅಭ್ಯಾಸ ಮುಗಿದ ಮೇಲೆ ಅವಳು ಬಂದು ಹಲಗೆಯ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತಳು.

"ಆಂಟಿ, ಪಪ್ಪಾ ಕಳಿಸ್ಯಾರಲ್ಲಾ?"

"ನಿಮ್ಮಮ್ಮ" ಎಂದೆ. "ಹೋಳಿಗೆ ಕೊಟ್ಟು."

ನಕ್ಕಳು. ಆಮೇಲೆ ಅಂಗೈ ಮೇಲಿನ ಬೊಬ್ಬೆಗಳನ್ನು ನೋಡಿಕೊಳ್ಳುತ್ತಾ ಮೆಲ್ಲಗೆ ಹೇಳಿದಳು. "ರೋಯಿಂಗ್ ಬಿಟ್ರ ಪಾಸ್ ಆಗ್ತೀನಿ ಅಂತ ಅವ್ರು ತಿಳ್ಕೊಂಡಾರ. ಫಸ್ಟ್ ಟೈಮ್ ನಾ ಓದೇ ಇರ್ಲಿಲ್ಲ. ಅದು ನಂದ ತಪ್ಪು, ಖರೇ. ಆದ್ರ ಸೆಕೆಂಡ್ ಟೈಮ್ ನಾ ರೋಯಿಂಗ್ ಬಿಟ್ಟಿದ್ದೆ ಆಂಟಿ."

"ಏನು?"

"ಬಿಟ್ಟಿದ್ದೆ. ಎಕ್ಸಾಮ್ ಮುಗಿಯೂತನಕ. ಮನ್ಯಾಗ ಯಾರಿಗೂ ಹೇಳಿಲ್ಲ. ಮುಂಜಾನಿಂದ ಸಂಜಿತನಕ ರೂಮ್‌ನ್ಯಾಗ ಒಂದ ಪೇಜ್ ಇಟ್ಕೊಂಡು ಕುಂತಿರ್ತಿದ್ದೆ. ತಲಿಗೆ ಏನೂ ಹೋಗ್ತಿರ್ಲಿಲ್ಲ. ಊಟಾನೂ ಮಾಡ್ತಿರ್ಲಿಲ್ಲ. ಆವಾಗೂ ಫೇಲ್."

ಭಾಷಣದ ಎರಡನೇ ಪ್ಯಾರಾ, 'ತ್ಯಾಗ ಮಾಡಿದರೆ ಫಲ ಸಿಗುತ್ತದೆ' ಎಂಬುದಾಗಿತ್ತು.

"ಈಗ ಲೇನಾ ಕಲಿಸಾಕತ್ತಾಳ" ಎಂದು ಕಾಕ್ಸ್ ಹುಡುಗಿಯತ್ತ ಕೈ ತೋರಿಸಿದಳು. ಲೇನಾ ಫಿಸಿಕ್ಸ್ ವಿದ್ಯಾರ್ಥಿನಿ. ಪ್ರತಿದಿನ ಅಭ್ಯಾಸ ಮುಗಿದ ಮೇಲೆ, ದೋಣಿ ಮನೆಯಲ್ಲೇ ಇವಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾಳಂತೆ. ದೋಣಿಯಲ್ಲಿ ಕೂಗುವ ಅದೇ ಧ್ವನಿಯಲ್ಲಿ. "ಉತ್ತರ ತಪ್ಪಾದ್ರ ಬೈತಾಳ. ಆದ್ರ ಇಲ್ಲಿ ನಂಗ ಹೆದ್ರಿಕಿ ಆಗಂಗಿಲ್ಲ ಆಂಟಿ. ರೂಮ್‌ನ್ಯಾಗ ಆಗ್ತೈತಿ."

"ಮನೆಯಲ್ಲಿ ಏನು ಹೇಳಲಿ?"

"ಬೋಟ್ ಚಲೋ ಐತಿ ಅಂತ ಹೇಳ್ರಿ."

ಹಾಗೆಯೇ ಹೇಳಿದೆ. ಶ್ರೀದೇವಿ ನನ್ನನ್ನು ನೋಡಿದ ರೀತಿ ಈಗಲೂ ಮರೆತಿಲ್ಲ. ಹೋಳಿಗೆ ವಾಪಸ್ ಕೇಳಲಿಲ್ಲ, ಅದೇ ಪುಣ್ಯ. (ಪಲ್ಲವಿ ಹೇಳಿದ್ದನ್ನು ಆಗ ಗುಟ್ಟಾಗಿಟ್ಟಿದ್ದೆ. ಈಗ ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ. ಡಾಟೆನ್‌ಶುಟ್ಸ್!)

ಭಾನುವಾರ ಬಂತು. ಮಗಳು ದೋಣಿಯಿಂದ ಇಳಿಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಶಿವಾನಂದ ತಾವೇ ಕಾರು ತೆಗೆದರು, ನನ್ನನ್ನೂ ಹತ್ತಿಸಿಕೊಂಡರು. ಚಪಾತಿ, ಶೇಂಗಾ ಚಟ್ನಿ, ಮಜ್ಜಿಗೆ ಎಲ್ಲ ಬುಟ್ಟಿಗೆ ಬಿತ್ತು. ಫೈನಲ್‌ನಲ್ಲಿ ಆರು ದೋಣಿಗಳು. ಕೋಚ್ ಹೈಕೆ ಮುಂಚೆಯೇ ಹೇಳಿದ್ದಳು. "ಮೂರು ದೋಣಿಗಳಲ್ಲಿ ರಾಷ್ಟ್ರೀಯ ತಂಡದಲ್ಲಿ ಆಡುವವರೇ ತುಂಬಿದ್ದಾರೆ. ನಮ್ಮದು ಕೊನೆಗೆ ಬರಬೇಕಾದ ದೋಣಿ."

ದಡದಲ್ಲಿ ನಿಂತವರಿಗೆ ಈ ಆಟ ಮೊದಲು ಏನೂ ಕಾಣಿಸುವುದಿಲ್ಲ. ದೂರದಲ್ಲಿ ನೀರಿನ ಮೇಲೆ ಇರುವೆ ಸಾಲು ಹರಿದಂತೆ ಇರುತ್ತದೆ. ಹತ್ತಿರ ಬಂದಂತೆ ಮೈಕಿನವನು ಕಿರುಚತೊಡಗಿದ. ಐದನೆಯದಾಗಿದ್ದ ಪಲ್ಲವಿಯ ದೋಣಿ, ಒಂದೊಂದೇ ಹುಟ್ಟಿಗೆ ಒಂದೊಂದು ಗೇಣು ಎನ್ನುವಂತೆ, ಪಕ್ಕದ ದೋಣಿಯನ್ನು ತಿನ್ನುತ್ತಾ ಬಂತು. ಲೇನಾಳ ಕೂಗು ನಮಗೂ ಕೇಳಿಸಿತು. ಶ್ರೀದೇವಿ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಎಳೀ ಪಲ್ಲೀ, ಎಳೀ!" ಎಂದು ಜೀವ ಹೋಗುವಂತೆ ಕೂಗುತ್ತಿದ್ದರು.

"ಅದು ಬೇರೆ ದೋಣಿ ಕಣ್ರೀ" ಎಂದೆ.

"ಇರ್ಲಿ ಬಿಡ್ರಿ, ಅವೂ ಯಾರ್ದೋ ಮಕ್ಕಳ" ಎಂದು ಉಸಿರು ಎಳೆದುಕೊಂಡು, ಸರಿಯಾದ ದೋಣಿಗೆ ಕೂಗತೊಡಗಿದರು.

ನಾಲ್ಕನೇ ಸ್ಥಾನ. ಮೂರನೆಯವರಿಗೂ ಇವರಿಗೂ ನಡುವೆ ಒಂದು ಮೊಳ ಇತ್ತೋ ಇಲ್ಲವೋ. ದೋಣಿ ನಿಂತಾಗ ಪಲ್ಲವಿ ಹುಟ್ಟಿನ ಮೇಲೆಯೇ ಕುಸಿದಳು. ದಡಕ್ಕೆ ಬಂದವಳೇ ಹುಲ್ಲಿನ ಮೇಲೆ ವಾಂತಿ ಮಾಡಿದಳು. ಶ್ರೀದೇವಿ ಮಜ್ಜಿಗೆ ಹಿಡಿದು ಓಡಿದರು. ಹೈಕೆ ಹತ್ತಿರ ಬಂದು ಪಲ್ಲವಿಯ ತಲೆಯ ಮೇಲೆ ಕೈಯಿಟ್ಟು, "ಸೌಬರ್" ಎಂದಳು. ಬವೇರಿಯದವರ ಬಾಯಲ್ಲಿ ಅದು ನಮ್ಮ ಭೇಷ್. ಅಷ್ಟು ಹೇಳಿ ದೋಣಿಗಳ ಕಡೆ ನಡೆದುಬಿಟ್ಟಳು.

ಶಿವಾನಂದ ಹತ್ತಿರ ಬಂದರು. ಮಗಳ ಅಂಗೈ ಬಿಡಿಸಿ ನೋಡಿದರು. ಚರ್ಮ ಕಿತ್ತು ಬಂದಿತ್ತು.

"ನಾಳೆ ಪೆನ್ ಹೆಂಗ ಹಿಡೀತೀ?"

"ಟೇಪ್ ಹಾಕೊಂಡು, ಪಪ್ಪಾ."

ಮರುದಿನ ಅವರು ಆಫೀಸಿಗೆ ರಜೆ ಹಾಕಿ ಪರೀಕ್ಷೆಯ ಹಾಲ್ ಹೊರಗೆ ನಿಂತಿದ್ದರಂತೆ. ಇಸ್ತ್ರಿ ಮಾಡಿದ ಶರ್ಟು, ಗಂಭೀರ ಮುಖ. ವಿದ್ಯಾರ್ಥಿಗಳು ಇವರೇ ಮೇಲ್ವಿಚಾರಕರು ಎಂದುಕೊಂಡು, ಕ್ಯಾಲ್ಕ್ಯುಲೇಟರ್ ಒಳಗೆ ತರಬಹುದೇ ಎಂದು ಕೇಳಿದರಂತೆ. ಇವರು ಬೇಡ ಎಂದರಂತೆ. (ಬ್ರೇಕ್!) ಆ ಮಕ್ಕಳು ಆಮೇಲೆ ಏನಾದರೋ ದೇವರೇ ಬಲ್ಲ.

ಹಲವು ವಾರಗಳ ನಂತರ ಫಲಿತಾಂಶ ಬಂತು. 4.0.

ಇಲ್ಲಿ ಸ್ವಲ್ಪ ನಿಲ್ಲಿ. ಜರ್ಮನಿಯಲ್ಲಿ ಅಂಕದ ಏಣಿ ತಲೆಕೆಳಗಾಗಿದೆ. ಒಂದು ಎಂದರೆ ಅತಿ ಶ್ರೇಷ್ಠ. ಐದು ಎಂದರೆ ಫೇಲ್. ನಾಲ್ಕು ಪಾಯಿಂಟ್ ಸೊನ್ನೆ ಎಂದರೆ ದಡದ ಹುಲ್ಲು ಹಿಡಿದು ಪಾರಾದವರು. ಅದಕ್ಕಿಂತ ಕೂದಲೆಳೆ ಆಚೆ ಹೋಗಿದ್ದರೂ ಹುಡುಗಿ ಮನೆಗೆ. ಆದರೂ ಪಾಸು ಪಾಸೇ! ಮೇಲಿನ ಮನೆಯಲ್ಲಿ ಕುಣಿದ ಸದ್ದು ನಮ್ಮ ಸೀಲಿಂಗಿನಿಂದ ಕೇಳಿಸಿತು. ಶ್ರೀದೇವಿ ಆ ಖುಷಿಯಲ್ಲೇ ವಿಜಯಪುರದಲ್ಲಿರುವ ಶಿವಾನಂದ ಅವರ ಅಕ್ಕ ಶಾಂತಕ್ಕನಿಗೆ ಫೋನ್ ಮಾಡಿ ಅಂಕ ಹೇಳಿದರು. ಶಾಂತಕ್ಕ ಪಕ್ಕದ ಮನೆಯ ಲೆಕ್ಚರರನ್ನು ವಿಚಾರಿಸಿದರು. ಆತನಿಗೆ ಅಮೆರಿಕದ ಲೆಕ್ಕ ಗೊತ್ತಿತ್ತು. "4.0 ಅಂದ್ರ ಅದರ ಮ್ಯಾಲೆ ಇಲ್ಲ" ಎಂದರಂತೆ.

ಮೊನ್ನೆ ನಾನು ಮೇಲಿನ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಶಾಂತಕ್ಕನ ವಿಡಿಯೋ ಕಾಲ್ ಬಂತು. ರಜೆಗೆ ಬಂದಿದ್ದ ಪಲ್ಲವಿಯೂ ಅಲ್ಲೇ ಇದ್ದಳು.

"ಇಡೀ ಓಣಿಗೆ ಪೇಡೆ ಹಂಚೀನಿ ನೋಡವ್ವಾ! ಇಡೀ ಜರ್ಮನಿಗೆ ಫಸ್ಟ್! ದೋಣ್ಯಾಗ ನಾಕನೇದಾಕಿ ಬಂದೀಯಂತ, ಹೋಗ್ಲಿ ಬಿಡು. ಬ್ಯಾಸರ ಮಾಡ್ಕೋಬ್ಯಾಡ. ಎಲ್ಲಾರಿಗೂ ಎಲ್ಲಾ ಬರಂಗಿಲ್ಲ."

ಪಲ್ಲವಿ ಬಾಯಿ ತೆರೆದಳು. "ಅತ್ತೀ, ಅದು ಉಲ್ಟಾ..." ಶ್ರೀದೇವಿ ಫೋನಿಗೆ ಕಾಣದಂತೆ ಪಕ್ಕದಿಂದ ಕಣ್ಣು ಬಿಟ್ಟರು. ಸುಮ್ಮನಿರು ಎಂದು ಕೈ ಆಡಿಸಿದರು. ಪೇಡೆ ಹಂಚಿ ಆಗಿದೆಯಲ್ಲ, ಈಗ ವಾಪಸ್ ಇಸಿದುಕೊಳ್ಳಲು ಆಗುತ್ತದೆಯೇ?

ಶಿವಾನಂದ ಎದ್ದು ಬಂದು ಮಗಳ ಕೈಯಿಂದ ಫೋನ್ ತೆಗೆದುಕೊಂಡರು. ಬ್ರೇಕ್ ಹಾಕುತ್ತಾರೆ ಎಂದುಕೊಂಡೆ. ಹಾಕಲಿಲ್ಲ.

"ಅಕ್ಕಾ, ಖರೇ ಹೇಳ್ತೀನಿ ಕೇಳು. ಓದಿನ್ಯಾಗ ಕಡೇ ಗಾಡಿ ಹಿಡದು ಪಾರಾಗ್ಯಾಳ. ದೊಡ್ಡ ಮಾತಲ್ಲ ಅದು. ಆದ್ರ ಹುಟ್ಟ ಹಾಕೂದ್ರಾಗ ಇಡೀ ದೇಶದಾಗ ನಾಕನೇ ದೋಣಿ. ನಾ ನನ್ನ ಕಣ್ಣಾರೆ ನೋಡೀನಿ. ಕೈಯಾಗ ತೊಗಲ ಉಳಿದಿರ್ಲಿಲ್ಲ. ಪೇಡೆ ಹಂಚೂದಾದ್ರ ಅದಕ್ಕ ಹಂಚು."

ಪಲ್ಲವಿ ಅಪ್ಪನನ್ನು ನೋಡಿದಳು. ಆಮೇಲೆ ತಟ್ಟನೆ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ನಲ್ಲಿ ಬಹಳ ಹೊತ್ತು ಸುರಿಯುತ್ತಲೇ ಇತ್ತು.

ವಿಜಯಪುರದ ಕಡೆ ಒಂದು ಕುಕ್ಕರ್ ಸೀಟಿ ಹೊಡೆದದ್ದು ಕೇಳಿಸಿತು. ಕೊನೆಗೆ ಶಾಂತಕ್ಕ ಗಂಟಲು ಸರಿಮಾಡಿಕೊಂಡು ಕೇಳಿದರು.

"ಹಂಗಾರ ಗಂಡಿನವ್ರಿಗೆ ನಾ ಯಾವ ನಾಕು ಹೇಳ್ಲೋ, ತಮ್ಮಾ?"