ದೊಡ್ಡದೇ ಇರಲಿ ಅಂದೆ

ಬಾಗಿಲು ಮೇಲೆತ್ತಿದ ಗ್ಯಾರೇಜಿನಲ್ಲಿ, ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ, ಮೂರು ಜನ ಗಂಡಸರು ಬಿಯರ್ ಬೇಯಿಸುತ್ತಿದ್ದರು. ನಾನು ಅಮೆರಿಕಕ್ಕೆ ಬಂದ ಮೇಲಿನ ಮೊದಲ ಶನಿವಾರ ಅದು. ತುಮಕೂರಿನಲ್ಲಿ ನಮ್ಮ ಬೀದಿಯ ಗಂಡಸರು ಬಾರಿಗೆ ಹೋಗುವಾಗ ಆಚೆ ಈಚೆ ನೋಡಿ ಒಳಗೆ ನುಸುಳುತ್ತಿದ್ದರು. ಇಲ್ಲಿ ಪೊಲೀಸ್ ಕಾರು ಎದುರಿಗೇ ಹಾದುಹೋಯಿತು. ಅವರಲ್ಲೊಬ್ಬ ಸೌಟು ಹಿಡಿದ ಕೈಯನ್ನೇ ಬೀಸಿದ. ಮನೆ ಬಳಕೆಗೆ ಮಾಡಿಕೊಂಡರೆ ತಪ್ಪಿಲ್ಲವಂತೆ.

ಅದಕ್ಕಿಂತ ಬೆರಗು ಹುಟ್ಟಿಸಿದ್ದು ವಾಸನೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹಪ್ಪಳ ಒತ್ತಿ, ರಾಗಿಯನ್ನು ಮೊಳಕೆ ಬರಿಸಿ ಒಣಗಿಸಿ ಮಾಲ್ಟ್ ಪುಡಿ ಮಾಡಿ ಅಂಗಡಿಗಳಿಗೆ ಹಾಕಿ ಬದುಕಿದವಳು. ಆ ಗ್ಯಾರೇಜಿನಿಂದ ಬಂದದ್ದು ನನ್ನ ಅಡುಗೆಮನೆಯದೇ ವಾಸನೆ. ಹತ್ತಿರ ಹೋಗಿ, "ಇದು ಮೊಳಕೆ ಕಾಳು ಅಲ್ವೇನಪ್ಪಾ?" ಅಂದೆ.

"ಅಯ್ಯೋ, ಕನ್ನಡದವರಾ ಆಂಟಿ! ಬಾರ್ಲಿ ಮೊಳಕೆ ಇದು. ನಿಮಗೆ ಹೆಂಗೆ ಗೊತ್ತಾಯ್ತು?" ಅಂದ, ಸೌಟು ಹಿಡಿದಿದ್ದ ರಘು. ಅವನು ನನ್ನ ತಮ್ಮನ ಮನೆಯಿಂದ ಎರಡು ರಸ್ತೆ ಆಚೆಯವನು. ಮುಂದೆ ಆಂಟಿ ಹೋಗಿ ಅಕ್ಕ ಆದೆ.

ತಮ್ಮ ಪ್ರಕಾಶ ನನ್ನನ್ನು ಅಮೆರಿಕಕ್ಕೆ ಕರೆಸಿಕೊಳ್ಳಲು ಹಾಕಿದ್ದ ಅರ್ಜಿ ಪಾಸಾಗುವಷ್ಟರಲ್ಲಿ ನನ್ನ ಗಂಡ ತೀರಿಕೊಂಡಿದ್ದರು, ಕೂದಲು ನೆರೆತಿತ್ತು. ಮನ್ರೋ ಎಂಬ ಊರಿನಲ್ಲಿ ಅವನದು ದೊಡ್ಡ ಮನೆ. ನನಗೆ ಕೊಟ್ಟದ್ದು ಬೇಸ್‌ಮೆಂಟ್, ಅಂದರೆ ನೆಲದ ಕೆಳಗಿನ ಅಂತಸ್ತು. ಅಲ್ಲಿನ ಕಿಟಕಿ ಸೂರಿನ ಹತ್ತಿರ; ಅದರಲ್ಲಿ ಹುಲ್ಲಿನ ಬೇರು ಕಾಣುತ್ತಿತ್ತು, ಮೋಡ ಕಾಣುತ್ತಿರಲಿಲ್ಲ. ಇಲ್ಲಿ ಡ್ರೈವ್ ಮಾಡದವಳು ಕಾಲಿಲ್ಲದವಳಿದ್ದ ಹಾಗೆ. ತುಮಕೂರಿನಲ್ಲಿ ಒಂದು ಕಟ್ಟು ಸೊಪ್ಪಿಗೆ ಹೊರಟರೆ ಹತ್ತು ಜನ ಮಾತಾಡಿಸುತ್ತಿದ್ದರು. ಇಲ್ಲಿ ಸೊಪ್ಪಿಗೆ ನಮ್ಮವರ ಅಂಗಡಿಗಳಿರುವ ಐಸೆಲಿನ್‌ವರೆಗೆ ಹೋಗಬೇಕು, ಅದೂ ಯಾರಾದರೂ ಕರೆದುಕೊಂಡು ಹೋದರೆ. ತಮ್ಮನ ಹೆಂಡತಿ ಶೈಲಾ ಆಸ್ಪತ್ರೆಯಲ್ಲಿ ನರ್ಸ್, ಶನಿವಾರವೂ ಡ್ಯೂಟಿ. ಅವರ ಮಗಳು ಅನು ನನ್ನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. "ಊಟ ಆಯ್ತಾ ಪುಟ್ಟಿ?" ಅಂದರೆ "ಐ ಯಾಮ್ ಗುಡ್, ಅತ್ತೆ."

ಆ ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಪ್ರಕಾಶ ಒಂದು ಕಾಲಕ್ಕೆ ಕುಡಿದು ಕುಡಿದು ಆಸ್ಪತ್ರೆ ಸೇರಿದ್ದವನು, ಆಮೇಲೆ ಪೂರ್ತಿ ಬಿಟ್ಟಿದ್ದವನು. ಪ್ರತಿ ಮಂಗಳವಾರ ಸಂಜೆ ಒಂದು ಚರ್ಚಿನಲ್ಲಿ ನಡೆಯುವ, ಕುಡಿತ ಬಿಟ್ಟವರ ಸಭೆಗೆ ತಪ್ಪದೆ ಹೋಗುತ್ತಿದ್ದ. ಶೈಲಾ ಕೇಕಿಗೆ ಹಾಕುವ ವೆನಿಲ್ಲಾದಲ್ಲೂ ಆಲ್ಕೋಹಾಲ್ ಇದೆಯೇನೋ ಅಂತ ಬಾಟಲಿಯ ಮೇಲಿನ ಅಕ್ಷರ ಓದಿಯೇ ಕೊಳ್ಳುತ್ತಿದ್ದಳು. "ಇನ್ನೊಂದು ಸಲ ಅಂತ ಇಲ್ಲ, ಅಕ್ಕ. ಇನ್ನೊಂದು ಸಲ ಆದ್ರೆ ಅನುನ ಕರ್ಕೊಂಡು ಹೊರಟುಹೋಗ್ತೀನಿ," ಅಂತ ನಾನು ಬಂದ ಮೊದಲ ವಾರವೇ ಹೇಳಿದ್ದಳು. ನನಗೆ ಎಲ್ಲ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಹೇಳುವ ಅವಕಾಶ ನನಗಿಲ್ಲ.

ರಘುವಿನ ಗ್ಯಾರೇಜಿನಲ್ಲಿ ನಾನು ಬೇಗ ಪಳಗಿದೆ. ಕಾಳು ಬಿಸಿನೀರಿನಲ್ಲಿ ನೆನೆಯುವುದು, ಸಿಹಿ ಬಿಡುವುದು, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸುವುದು, ಎಲ್ಲ ಕೈಗೆ ತಿಳಿಯುವ ಕೆಲಸ. ನಾನು ಒಂದು ಗುಟುಕು ಕುಡಿದವಳಲ್ಲ. ಆದರೂ "ಅಕ್ಕನ ಕೈರುಚಿ" ಅಂತ ಹೆಸರಾಯಿತು. ಶನಿವಾರಕ್ಕಾಗಿ ವಾರವಿಡೀ ಕಾಯತೊಡಗಿದೆ.

ಚಳಿ ಹತ್ತಿರ ಬಂದಾಗ ಅವರೆಲ್ಲ ಗ್ಯಾಸ್ ಒಲೆ ಬಿಟ್ಟು, ನೆನೆಯುವುದರಿಂದ ಕುದಿಯುವವರೆಗೆ ಒಂದೇ ಪಾತ್ರೆಯಲ್ಲಿ ಆಗುವ ಕರೆಂಟಿನ ಯಂತ್ರ ಕೊಳ್ಳಬೇಕು ಅಂದರು. ಎರಡು ಮಾದರಿ ಆರಿಸಿಟ್ಟಿದ್ದರು. ಚಿಕ್ಕದನ್ನು ಅಡುಗೆಮನೆಯ ಸಾಮಾನ್ಯ ಪ್ಲಗ್ಗಿಗೆ ಹಾಕಬಹುದು. ಕುದಿ ಬರುವುದು ನಿಧಾನ, ಆದರೆ ಯಾರ ಮನೆಯಲ್ಲಾದರೂ ಇಡಬಹುದು. ದೊಡ್ಡದು ಬೇಗ ಕುದಿಯುತ್ತದೆ, ಆದರೆ ಅದಕ್ಕೆ ಹೆಚ್ಚು ಕರೆಂಟು ಬರುವ ಬೇರೆ ಪ್ಲಗ್ಗು ಬೇಕು. ನಮ್ಮೆಲ್ಲರ ಮನೆಗಳ ಪೈಕಿ ಅಂಥ ಪ್ಲಗ್ಗು ಗ್ಯಾರೇಜಿನಲ್ಲಿ ಇದ್ದದ್ದು ನನ್ನ ತಮ್ಮನ ಮನೆಯಲ್ಲಿ ಮಾತ್ರ. ಹಿಂದಿನ ಮಾಲೀಕ ಕಾರು ಚಾರ್ಜ್ ಮಾಡಲು ಹಾಕಿಸಿದ್ದು.

"ಮಾಡೋರು ನೀವು, ಅಕ್ಕ. ನೀವೇ ಹೇಳಿ," ಅಂದ ರಘು. "ಚಿಕ್ಕದಾದ್ರೆ ನಮ್ಮನೇಲೇ ಇರುತ್ತೆ, ವಾರಾ ವಾರಾ ಬಂದು ನಿಮ್ಮನ್ನ ಕರ್ಕೊಂಡು ಹೋಗ್ತೀನಿ."

ಚಿಕ್ಕದು ಸಾಕಾಗಿತ್ತು. ನಾವು ಬೇಯಿಸುತ್ತಿದ್ದ ಅಳತೆಗೆ ಅದೇ ಸರಿಯಾಗಿತ್ತು. ಆದರೆ ಚಿಕ್ಕದಾದರೆ ನಾನು ಕಾರಿಗೆ ಕಾಯುವವಳು, ದೊಡ್ಡದಾದರೆ ಅವರೆಲ್ಲ ನನ್ನ ಬಾಗಿಲಿಗೆ ಬರುವವರು.

"ದೊಡ್ಡದೇ ಇರಲಿ," ಅಂದೆ.

"ಪ್ರಕಾಶ್ ಏನಾದ್ರೂ ಅಂತಾರಾ? ಅವ್ರು ಕುಡಿಯಲ್ವಲ್ಲ."

"ಅವನಿಗೆ ಅಲ್ಸರ್. ಬೇರೇನಿಲ್ಲ."

ತಮ್ಮನಿಗೆ ಹೇಳಿದಾಗ ಅವನು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಅಕ್ಕ, ಬೇರೆ ಏನಾದ್ರೂ ಕೇಳು," ಅಂದ.

"ಬೇರೆ ಏನು ಕೊಟ್ಟಿದ್ದೀಯ ನೀನು? ನೆಲದ ಕೆಳಗೆ ಹೂತಿಟ್ಟಿದ್ದೀಯ. ನಾನು ಶಾಲೆ ಬಿಟ್ಟು ಹಪ್ಪಳ ಒತ್ತಿದ್ದಕ್ಕೆ ನೀನು ಇಂಜಿನಿಯರ್ ಆದೆ, ಮರೀಬೇಡ."

ಆ ಮಾತು ಆಡಿದರೆ ಅವನು ಒಪ್ಪಿಕೊಳ್ಳುತ್ತಾನೆಂದು ನನಗೆ ಗೊತ್ತಿತ್ತು. ಅದಕ್ಕೇ ಆಡಿದೆ. ಶೈಲಾಗೆ, ಅದು ರಾಗಿ ಮಾಲ್ಟ್ ಮಾಡುವ ಯಂತ್ರ ಅಂತ ಹೇಳಿದೆ. "ಒಳ್ಳೇದಾಯ್ತು, ನಿಮಗೂ ಹೊತ್ತು ಹೋಗುತ್ತೆ," ಅಂದಳು ಪಾಪ.

ನನಗೆ ನಾನೇ ಒಂದು ನ್ಯಾಯ ಹೇಳಿಕೊಂಡಿದ್ದೆ. ಯಂತ್ರದಲ್ಲಿ ಕುದಿಯುವುದು ಬರೀ ಸಿಹಿ ನೀರು, ಯೀಸ್ಟ್ ಬಿದ್ದು ಹುಳಿದ ಮೇಲೆ ತಾನೆ ಅದು ಬಿಯರ್? ಹುಳಿಯಲು ಹಾಕುವ ಬಕೆಟ್ಟನ್ನು ರಘು ತನ್ನ ಮನೆಗೆ ಒಯ್ಯುತ್ತಿದ್ದ. ಆದರೆ ಮೈಸೂರಿನಿಂದ ಅವನ ಅತ್ತೆ ಮಾವ ಬಂದಿಳಿದರು. ಪೊಲೀಸರ ಎದುರು ಸೌಟು ಬೀಸಿದವನಿಗೆ ಮಾವನ ಎದುರು ಬಕೆಟ್ ಇಡುವ ಧೈರ್ಯ ಬರಲಿಲ್ಲ. "ಅವ್ರು ಹೋಗೋವರೆಗೂ ಇಲ್ಲೇ ಇರ್ಲಿ, ಅಕ್ಕ," ಅಂದ. ದೋಸೆ ಹಿಟ್ಟಿನ ಪಾತ್ರೆಗೆ ಸುತ್ತುವಂತೆ ನಾನು ಗ್ಯಾರೇಜಿನ ಮೂಲೆಯಲ್ಲಿ ಬಕೆಟ್ಟಿಗೆ ಹಳೇ ಕಂಬಳಿ ಸುತ್ತಿದೆ. ಅದು ಗುಳುಕ್ ಗುಳುಕ್ ಅಂತ ಉಸಿರಾಡತೊಡಗಿತು.

ಮಾರನೇ ಬೆಳಿಗ್ಗೆ ಪ್ರಕಾಶ ಕೆಳಗಿಳಿದು ಬಂದ. "ಅಕ್ಕ, ಅದನ್ನ ಇವತ್ತೇ ತಗೊಂಡುಹೋಗೋಕೆ ಹೇಳು. ಗೋಡೆ ಆಚೆಯಿಂದ ನನಗೆ ಕೇಳಿಸುತ್ತೆ."

"ಗಂಡಸಾಗಿ ಒಂದು ಬಕೆಟ್ಟಿಗೆ ಹೆದರ್ತೀಯಲ್ಲೋ," ಅಂದೆ. ನಕ್ಕೆ. ಅವನೂ ನಕ್ಕ. ಆ ನಗು ಈಗಲೂ ನನ್ನ ಕಣ್ಣ ಮುಂದೆ ಇದೆ.

ಆ ಬಕೆಟ್ಟಿನ ಮೈಮೇಲೆ ಅಳತೆಯ ಗೆರೆಗಳಿವೆ, ಕೆಳಗೊಂದು ನಲ್ಲಿ. ಕೆಲವು ದಿನಗಳಲ್ಲಿ ಬಿಯರ್ ಗೆರೆಯಿಂದ ಕೆಳಗಿಳಿದಿತ್ತು. ಯಾರು ಅಂತ ಕೇಳಬೇಕಾಗಿರಲಿಲ್ಲ. ಅವತ್ತೇ ಬಕೆಟ್ಟನ್ನು ಚರಂಡಿಗೆ ಸುರಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನಾನು ನೀರು ಕಾಯಿಸಿ ಆರಿಸಿ, ಗೆರೆ ಮುಟ್ಟುವವರೆಗೆ ಸುರಿದೆ. ರಘುವಿಗೆ ಗೊತ್ತಾದರೆ ಶನಿವಾರಗಳು ನಿಂತುಹೋಗುತ್ತವೆಂಬ ಭಯ. ಮತ್ತೆ ಇಳಿಯಿತು, ಮತ್ತೆ ಸುರಿದೆ. ತಮ್ಮ ಕುಡಿದಷ್ಟನ್ನೂ ನಾನು ತುಂಬಿಸಿಟ್ಟೆ.

ಬಾಟಲಿಗೆ ಹಾಕುವ ದಿನ ರಘು ಬಾಯಿ ಚಪ್ಪರಿಸಿ, "ಅಕ್ಕ, ಈ ಸಲ ಹಾಲಿನವನ ಕೆಲಸ ಮಾಡಿದ್ದೀರಾ? ತೆಳ್ಳಗಿದೆ," ಅಂದ. "ಪ್ರಕಾಶ್‌ಗೆ ಕೊಡಿ, ಅಲ್ಸರಿಗೆ ಒಳ್ಳೇದು!" ಎಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಪ್ರಕಾಶ ಬಾಗಿಲಲ್ಲಿ ನಿಂತಿದ್ದ.

ಅವತ್ತೇ ಇನ್ನೊಂದು ಸಲ ಬೇಯಿಸಿ ಬಕೆಟ್ ತುಂಬಿದ್ದೆವು. ಅದೇ ವಾರ ಪ್ರಕಾಶ ಅನುವನ್ನು ಡಾನ್ಸ್ ಕ್ಲಾಸಿನಿಂದ ಕಾರಿನಲ್ಲಿ ಕರೆತಂದ. ಊಟಕ್ಕೆ ಕೂತಾಗ ಅನು ತಲೆ ಎತ್ತದೆ ಅಂದಳು, "ಡ್ಯಾಡ್ ಸ್ಮೆಲ್ಸ್ ಲೈಕ್ ದ ಗ್ಯಾರೇಜ್." ಅಪ್ಪನ ಮೈಯಿಂದ ಗ್ಯಾರೇಜಿನ ವಾಸನೆ ಬರುತ್ತಿದೆ ಅಂತ.

ಶೈಲಾ ಎದ್ದು ಗ್ಯಾರೇಜಿಗೆ ಹೋದಳು. ಕಂಬಳಿ ಎಳೆದದ್ದು, ಮುಚ್ಚಳ ತೆಗೆದದ್ದು ನಮಗೆ ಕೇಳಿಸಿತು. ವಾಪಸ್ ಬಂದು, "ಯಾರದ್ದು ಅದು?" ಅಂದಳು.

"ನಂದೇ," ಅಂದ ಪ್ರಕಾಶ. "ಅಕ್ಕನ್ನ ಏನೂ ಅನ್ನಬೇಡ. ಅವಳಿಗೆ ಅದೆಲ್ಲ ಗೊತ್ತಾಗಲ್ಲ."

ನನ್ನ ಕೈಯಲ್ಲಿ ಚಟ್ನಿಯ ಬಟ್ಟಲಿತ್ತು. ನಾನು ಅವನ ತಟ್ಟೆಗೆ ಚಟ್ನಿ ಬಡಿಸಿದೆ.

ಆ ತಿಂಗಳೊಳಗೆ ಶೈಲಾ ಫೋರ್ಟ್ ಲೀಯಲ್ಲಿ ಸಣ್ಣ ಅಪಾರ್ಟ್‌ಮೆಂಟ್ ಹಿಡಿದಳು. ಹೊರಡುವಾಗ ನನ್ನ ಕೈ ಹಿಡಿದು, "ನೀವಿದ್ದೀರಿ ಅನ್ನೋದೊಂದೇ ಧೈರ್ಯ, ಅಕ್ಕ. ಅವರನ್ನ ನೋಡ್ಕೊಳ್ಳಿ," ಅಂದಳು. ನೋಡಿಕೊಳ್ಳುತ್ತೇನೆ ಅಂದೆ. ನಾನು ಮಾಡಿದ್ದನ್ನು ಹೇಳಿಬಿಟ್ಟರೆ ಅವಳು ಪ್ರಕಾಶನಿಗೆ ಬಾಗಿಲು ತೆರೆದಾಳು. ನನಗೆ ತುಮಕೂರಿನ ಟಿಕೆಟ್ ಕೊಡಿಸಿಯಾಳು. ಅಲ್ಲಿ ಈಗ ನನ್ನ ಮನೆಯೂ ಇಲ್ಲ, ನನ್ನ ಮಾಲ್ಟ್ ಕೊಳ್ಳುವ ಅಂಗಡಿಯೂ ಇಲ್ಲ. ಅದಕ್ಕೇ ಅವಳು ಪ್ರತಿ ಭಾನುವಾರ ಫೋನ್ ಮಾಡಿ "ಹೇಗಿದ್ದಾರೆ?" ಅಂದಾಗ "ಹಾಗೇ ಇದ್ದಾನಮ್ಮ" ಅನ್ನುತ್ತೇನೆ.

ಶನಿವಾರಗಳೂ ಉಳಿಯಲಿಲ್ಲ. ವಿಷಯ ತಿಳಿದ ಮೇಲೆ ರಘು ಮುಖ ತೋರಿಸಲಿಲ್ಲ, ಯಂತ್ರ ವಾಪಸ್ ಕೇಳಲೂ ಇಲ್ಲ. ಪ್ರಕಾಶ ಬೇಸ್‌ಮೆಂಟಿಗೆ ಇಳಿದುಬಿಟ್ಟ. ಮೇಲೆ ಮಲಗಲಾರೆ ಅಂದ. ನಾನು ಮೇಲಿನ ಅನುವಿನ ಕೋಣೆಗೆ ಬಂದೆ. ಅಲ್ಲಿ ದೊಡ್ಡ ಕಿಟಕಿ ಇದೆ, ಮೇಪಲ್ ಮರ ಇದೆ, ಬೇಕಾದಷ್ಟು ಮೋಡ ಇದೆ.

ಕಳೆದ ವಾರ ಅನು ಉಳಿದ ಪುಸ್ತಕ ಒಯ್ಯಲು ಬಂದಿದ್ದಳು. ಮಂಚದ ಮೇಲಿನ ನನ್ನ ಸೀರೆಗಳನ್ನು ನೋಡಿದಳು, ಗೋಡೆಗೆ ನಾನು ತಗುಲಿಸಿದ ದೇವರ ಪಟ ನೋಡಿದಳು. ಆಮೇಲೆ ನನ್ನೊಂದಿಗೆ ಮೊದಲ ಸಲ ಪೂರ್ತಿ ಕನ್ನಡದಲ್ಲಿ ಮಾತಾಡಿದಳು.

"ಅತ್ತೆ, ನನ್ನ ರೂಮು ನಿಮಗೆ ಇಷ್ಟ ಆಯ್ತಾ?"

ಇಷ್ಟವಾಗಿತ್ತು. ಅದನ್ನು ಕನ್ನಡದಲ್ಲಿ ಹೇಳಲು ನಾಲಿಗೆ ಏಳಲಿಲ್ಲ.

"ಯೆಸ್," ಅಂದೆ.